ನೆಗಡಿಯಾದ ಮೂಗು ಮತ್ತು ಎರಡನೆಯ ಪೀಪಾಯಿ

ಇಸಬೇಲ್ ಮ್ಯಾಕ್‌ಫೀಗೆ ನೆಗಡಿಯಾಗಿತ್ತು. ಬೇರೆಯವರಿಗಾದರೆ ಕರವಸ್ತ್ರ ಒದ್ದೆಯಾಗುತ್ತಿತ್ತು, ಅಷ್ಟೇ. ಆದರೆ ಇಸಬೇಲ್ ಕಿಲ್‌ಮೋರಗ್ ಭಟ್ಟಿಯ ಮೂಗು. ಯಾವ ಪೀಪಾಯಿಯ ವಿಸ್ಕಿ ಹದಕ್ಕೆ ಬಂದಿದೆ ಎಂದು ಮೂಸಿ ಹೇಳುವುದೇ ಅವಳ ಉದ್ಯೋಗ. ಅವಳಿಗಿಂತ ಮೊದಲು ಮೂಗಾಗಿದ್ದ ಲಾಕ್ಲನ್‌ಗೆ ವಾಸನೆ ಕೈಕೊಟ್ಟಾಗ, ಅವನನ್ನು ಬಹಳ ಗೌರವದಿಂದ ಗೇಟಿನ ಪಕ್ಕದ ಅಂಗಡಿಗೆ ಕಳಿಸಿದ್ದರು. ಈಗ ಅವನು ಪ್ರವಾಸಿಗರಿಗೆ ಕುರಿಯ ಚಿತ್ರವಿರುವ ಟವೆಲು ಮಾರುತ್ತಾನೆ.

ಆ ಟವೆಲುಗಳನ್ನು ನೆನೆದೇ ಇಸಬೇಲ್ ನೆಗಡಿಯ ಸುದ್ದಿ ಎತ್ತದೆ ಮೇಜಿನ ಮುಂದೆ ಕುಳಿತಳು. ಮೂರು ಪೀಪಾಯಿ, ಮೂರು ಗ್ಲಾಸು. ಅವಳು ಆರಿಸಿದ್ದು ಅವಳ ಹೆಸರು ಹೊತ್ತು ಸೀಸೆಗಿಳಿಯಬೇಕು.

ಮ್ಯಾನೇಜರ್ ಸ್ಟ್ರೂಅನ್ ಬಾಲ್ಫರ್ ಎಡಿನ್‌ಬರೋದಿಂದ ಬಂದವರು. ನೀರನ್ನೂ ವರ್ಣಿಸದೆ ಕುಡಿದವರಲ್ಲ. ಮೊದಲ ಗ್ಲಾಸಿನಲ್ಲಿ ಅವರಿಗೆ ಮಳೆಯಲ್ಲಿ ನೆನೆದ ಕುದುರೆಯ ಜೀನು ಸಿಕ್ಕಿತು. ಎರಡನೆಯದರಲ್ಲಿ ಧೈರ್ಯ. ಮೂರನೆಯದರಲ್ಲಿ ಯಾರದೋ ಅಜ್ಜನ ಪುಸ್ತಕದ ಕಪಾಟು. ಇಸಬೇಲ್‌ಗೆ ಮೂರರಲ್ಲೂ ಸಿಕ್ಕಿದ್ದು ಗಂಟಲುರಿ.

ದಾರಿ ಕಾಣದೆ ಅವಳು ಚಿಕ್ಕಪ್ಪನ ಮಗ ಡೂಗಲ್‌ನತ್ತ ನೋಡಿದಳು. ಅವನು ಭಟ್ಟಿಯ ಹಂಡೆ ಕಾಯುವವನು. ರುಚಿ ನೋಡಿ ಉಳಿದದ್ದನ್ನು ಅವನು ಹೂಜಿಗೆ ಸುರಿಯುವುದು, ಸಂಜೆ ಹಂಡೆಮನೆಯವರೆಲ್ಲ ಹಂಚಿಕೊಳ್ಳುವುದು ಅಲ್ಲಿಯ ಹಳೆಯ ಪದ್ಧತಿ. ಡೂಗಲ್ ಒಂದೊಂದು ಗುಟುಕು ಕುಡಿದು, ಮೊದಲನೆಯದನ್ನೂ ಮೂರನೆಯದನ್ನೂ ಹೂಜಿಗೆ ಸುರಿದ. ಎರಡನೆಯದನ್ನು ಮಾತ್ರ ಮೆಲ್ಲಗೆ ಕಿಟಕಿಯ ಪರದೆಯ ಹಿಂದೆ ಸರಿಸಿಟ್ಟ.

ಕಳ್ಳ, ಒಳ್ಳೆಯದನ್ನು ತನಗೊಬ್ಬನಿಗೇ ಇಟ್ಟುಕೊಂಡ, ಎಂದುಕೊಂಡಳು. ಹೋದ ಜೀವ ಬಂದಂತಾಯಿತು.

"ಎರಡನೇದು," ಎಂದಳು.

"ಯಾಕೆ ಅಂತ ಸ್ವಲ್ಪ ಹೇಳಿ," ಎಂದರು ಬಾಲ್ಫರ್.

ಮೂಗಿಲ್ಲದಿದ್ದರೂ ನೆನಪಿತ್ತು. ಬಾರ್ಲಿ ಒಣಗಿಸುವಾಗ ಜೌಗುಮಣ್ಣಿನ ಹೆಂಟೆ ಸುಟ್ಟು ಹೊಗೆ ಕೊಡುತ್ತಾರೆ. ಕಿಲ್‌ಮೋರಗ್‌ನಲ್ಲಿ ಅದು ತುಸುವೇ ತುಸು.

"ಹೊಗೆ ಇದೆ, ಆದ್ರೆ ಎದುರಿಗೆ ಬರಲ್ಲ. ಒಲೆ ಮುಂದೆ ಕೂತಿದ್ದೋರು ಎದ್ದು ಬಂದ್ರೆ ಅವರ ಕೋಟಲ್ಲಿ ಇರುತ್ತಲ್ಲ, ಅಷ್ಟು."

ಬಾಲ್ಫರ್ ದೇವರ ಮುಂದೆ ನಿಂತವರಂತೆ ಕಣ್ಣು ಮುಚ್ಚಿಕೊಂಡರು.

ಅಂಗಳದಲ್ಲಿ ಡೂಗಲ್ ಅವಳನ್ನು ಅಡ್ಡಗಟ್ಟಿದ. "ಏನಕ್ಕ, ತಲೆಗಿಲೆ ಕೆಟ್ಟಿದ್ಯಾ? ಅದು ಎಲೆಕೋಸು ಬೇಯ್ಸಿ ಮರ್ತುಬಿಟ್ಟ ನೀರು."

"ಮತ್ತೆ ಎತ್ತಿಟ್ಕೊಂಡ್ಯಲ್ಲೋ?"

"ಎತ್ತಿಡ್ದೆ ಮತ್ತೇನ್ಮಾಡ್ಲಿ? ಹೂಜಿಗೆ ಸುರಿದು ಎಲ್ರ ಸಂಜೆ ಹಾಳು ಮಾಡ್ಲಾ? ಚರಂಡಿಗೆ ಚೆಲ್ಲಕ್ಕೆ ಇಟ್ಟಿದ್ದು."

ಇಸಬೇಲ್ ಸೀನಿದಳು.

"ಹಾಗೆ ಹೇಳು ಮತ್ತೆ," ಎಂದ ಡೂಗಲ್. "ಟವೆಲು ಮಡ್ಚೋದು ಈಗಿಂದ್ಲೇ ಕಲ್ತ್ಕೊ. ಇಲ್ಲಾಂದ್ರೆ ಸುಮ್ನಿದ್ಬಿಡು. ಎಡಿನ್‌ಬರೋದೋರಿಗೆ ಏನು ಗೊತ್ತಾಗುತ್ತೆ?"

ಗೊತ್ತಾಗದೆ ಇರಬಹುದು. ಆದರೆ ಎಲೆಕೋಸಿನ ನೀರಿನ ಮೇಲೆ ತನ್ನ ಹೆಸರು. ಟವೆಲಿನ ಮೇಲಾದರೆ ಕುರಿಯ ಚಿತ್ರವಿರುತ್ತದೆ, ತನ್ನ ಹೆಸರಲ್ಲ. ಅವಳು ತಿರುಗಿ ಒಳಗೆ ಹೋದಳು.

"ಸಾರ್, ನಂಗೆ ನೆಗಡಿ. ಒಂದರ ವಾಸನೆಯೂ ಬರ್ಲಿಲ್ಲ. ಎರಡನೇದು ಬೇಡ."

ಬಾಲ್ಫರ್ ಪರದೆಯ ಹಿಂದಿನ ಗ್ಲಾಸನ್ನು ತರಿಸಿ ಮತ್ತೆ ಮೂಸಿದರು. "ಧೈರ್ಯ ಒಂಚೂರು ಹೆಚ್ಚಾಯ್ತು ಅಂತ ನಂಗೂ ಅನ್ನಿಸಿತ್ತು," ಎಂದರು. ಆಮೇಲೆ ಗಾಬರಿಯಿಂದ, "ಆ ಕೋಟಿನ ಮಾತು?"

"ಸುಮ್ನೆ ಹೇಳಿದ್ದು."

"ಅದನ್ನ ಮಾತ್ರ ವಾಪಸ್ ತಗೋಬೇಡಿ. ಪೀಪಾಯಿ ನೆಗಡಿ ಹೋದ್ಮೇಲೆ ಆರಿಸಿ, ಯಾವುದಾದ್ರೂ ಆಗ್ಲಿ. ಸೀಸೆ ಮೇಲೆ ಮಾತು ಅದೇ ಇರ್ಲಿ."

ಹದಿನೆಂಟು ವರ್ಷ ಮೂಗು ಸಾಕಿದ ಕೆಲಸವನ್ನು ಬಾಯಿ ಉಳಿಸಿತು. ಸಂತೋಷಪಡಬೇಕೋ ಬೇಡವೋ ತಿಳಿಯದೆ ಇಸಬೇಲ್ ಗೇಟಿನತ್ತ ನಡೆದಳು. ಅವಳ ಕೆಂಪು ಮೂಗನ್ನು ದೂರದಿಂದಲೇ ನೋಡಿದ ಲಾಕ್ಲನ್ ಅಂಗಡಿಯಿಂದ ಒಂದು ಟವೆಲು ಚಾಚಿದ.

"ತಗೊಳಮ್ಮ. ಇದಕ್ಕಾದ್ರೂ ಉಪಯೋಗವಾಗ್ಲಿ."

ಅವಳು ಕುರಿಯ ಮುಖಕ್ಕೇ ಮೂಗು ಸೀಟಿದಳು.