ಏಕಾದಶಿಯ ತಿಳಿ

ಹೈದರಾಬಾದಿನಿಂದ ಆದೋನಿಗೆ ಬಂದು ಬಸ್ಸಿಳಿದಾಗ ಪ್ರಹ್ಲಾದನ ಮುಖ ನೋಡುವ ಹಾಗಿರಲಿಲ್ಲ. ಪಾಪ, ಅವನ ತಪ್ಪಾದರೂ ಏನು? ಹೆರಿಗೆಯಾದ ಮೇಲೆ ಬಿಸಾಡುವ ಹೊಕ್ಕುಳಬಳ್ಳಿಯನ್ನು ತಾಯಂದಿರನ್ನು ಕೇಳಿ ತಂದು, ಅದರ ರಕ್ತನಾಳದ ಒಳಗೋಡೆಯ ಜೀವಕೋಶಗಳನ್ನು ಗಾಜಿನ ಸೀಸೆಯಲ್ಲಿ ಬೆಳೆಸುವುದು ಅವನ ಸಂಶೋಧನೆ. ಉಪ್ಪು, ಸಕ್ಕರೆ, ವಿಟಮಿನ್ ಬೆರೆತ ನೀರಿಗೆ ಇನ್ನೂ ಹುಟ್ಟದ ಕರುವಿನ ಸೀರಮ್, ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ, ಸೇರಿಸಿದರೆ ಅದೇ ಅವುಗಳ ಊಟ. ವಿದೇಶದಿಂದ ಬರಬೇಕಾದ ಆ ಸೀರಮ್ ಈ ಸಲ ದಾರಿಯಲ್ಲೇ ಐಸು ಕರಗಿ ಕೆಟ್ಟುಹೋಗಿತ್ತು. ಸೋಮವಾರದೊಳಗೆ ಬೇರೆ ಊಟ ಹುಡುಕಿ ಕೋಶಗಳನ್ನು ಉಳಿಸು, ಇಲ್ಲದಿದ್ದರೆ ನಿನ್ನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ ಎಂದು ಗುರುಗಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಮನುಷ್ಯರ ಸೀರಮ್ಮೂ ಆದೀತೆಂದು ಹಾಸ್ಟೆಲಿನಲ್ಲಿ ರಕ್ತ ಕೇಳಿದರೆ, ಸೂಜಿ ಕಂಡದ್ದೇ ತಡ, ನಾಲ್ಕೂ ಜನ ಗೆಳೆಯರು ಪರಾರಿ. ಏನೂ ತೋಚದೆ ಊರಿನ ಬಸ್ಸು ಹತ್ತಿದ್ದ.

ಮನೆಯಲ್ಲಿ ಸೋದರತ್ತೆ ಅಂಬೂಬಾಯಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಅಣ್ಣನ ಮನೆಗೆ ಬಂದು ಅಡುಗೆ, ಮಡಿ ಎರಡರ ಯಜಮಾನಿಕೆಯನ್ನೂ ಕೈಗೆ ತೆಗೆದುಕೊಂಡವಳು. ಮುಖ ಯಾಕೆ ಬಾಡಿದೆ ಎಂದು ಆಕೆ ಕೇಳಿದಳು. ಈ ಬೆಪ್ಪ ಎಲ್ಲವನ್ನೂ ಒದರಿಬಿಟ್ಟ.

"ಏನಂದಿ? ಇನ್ನೂ ಹುಟ್ಟಲಾರದ ಕರುವಿನ ರಕ್ತ?" ಆಕೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ರಾಮ ರಾಮಾ! ಮನುಷ್ಯಾರ ಕೂಸಿಗೆ ಆಕಳ ಕೂಸಿಂದು ಉಣಸ್ತೀರೇನೋ? ಅದನ್ನ ಬಿಡೂತನಕ ಪಂಕ್ತ್ಯಾಗ ನಿನಗ ಎಲಿ ಹಾಕಂಗಿಲ್ಲ."

"ಮತ್ತೇನ್ ಉಣಸ್ಲಿ ಅತ್ತಿ?"

"ಮನುಷ್ಯಾರ್ದು ಉಣಸು. ಯಾರೂ ಕೊಡ್ಲಿಲ್ಲಂದ್ರ ನಂದು ತೊಗೊ."

"ನಾಳಿ ಏಕಾದಶಿ. ನೀ ನೀರು ಸೈತ ಮುಟ್ಟಂಗಿಲ್ಲ."

"ಏಕಾದಶಿಗೆ ಉಣ್ಣಬಾರದು ಅಂತ ಅದ. ಕೊಡಬಾರದು ಅಂತ ಎಲ್ಲದ?" ಎಂದಳು ಅಂಬೂಬಾಯಿ.

ಮರುದಿನ ಮಧ್ಯಾಹ್ನ ಇಬ್ಬರೂ ಹೊನ್ನೂರಪ್ಪನ ರಕ್ತಪರೀಕ್ಷೆಯ ಕೋಣೆಗೆ ಹೋದರು. ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡರಾಯಿತು ಎಂದುಕೊಂಡು ಅಂಬೂಬಾಯಿ ಕುರ್ಚಿಯಲ್ಲಿ ಕೂತು ಕೈ ಚಾಚಿದಳು. ಒಬ್ಬರದು ಸಾಲದೆಂದು ಪ್ರಹ್ಲಾದನೂ ಕೊಟ್ಟ. ರಕ್ತ ಹೆಪ್ಪುಗಟ್ಟಿದ ಮೇಲೆ ಹೊನ್ನೂರಪ್ಪ ನಳಿಗೆಗಳನ್ನು ಗಿರಗಿರನೆ ತಿರುಗಿಸಿ ಹೊರತೆಗೆದು ಬೆಳಕಿಗೆ ಹಿಡಿದ. ಅತ್ತೆಯದು ಬಂಗಾರದ ಬಣ್ಣದ ತಿಳಿ. ಅಳಿಯನದು ಬೆಳ್ಳಗೆ, ಥೇಟು ಮಜ್ಜಿಗೆ.

"ಇದೇನು ಸ್ವಾಮೀ, ಹಿಂಗೈತಿ?" ಹೊನ್ನೂರಪ್ಪನಿಗೆ ಒಳಗುಟ್ಟು ಏನು ಗೊತ್ತು? "ಎಣ್ಣಿ ತಿಂಡಿ ತಿಂದು ಬಂದ್ರ ಹಿಂಗ ಬೆಳ್ಳಗಾಗ್ತೈತಿ. ಕೊಬ್ಬು ತೇಲ್ತೈತಿ. ಅಮ್ಮಾರದು ನೋಡ್ರಿ, ಕನ್ನಡಿ ಇದ್ದಂಗೈತಿ!"

ಅಂಬೂಬಾಯಿ ನಿಧಾನವಾಗಿ ತಿರುಗಿದಳು. "ಏಕಾದಶಿ ದಿನ ಏನು ತಿಂದಿ?"

"ಮುಂಜಾನಿ ಬಸ್ ಸ್ಟ್ಯಾಂಡಿನಾಗ... ಮಿರ್ಚಿ ಬಜ್ಜಿ."

"ಎಷ್ಟು?"

"ನಾಕು, ಅತ್ತಿ."

ಹೊನ್ನೂರಪ್ಪ ನಳಿಗೆಯನ್ನು ಮತ್ತೊಮ್ಮೆ ನೋಡಿದ. "ನಾಕಕ್ಕ ಇಷ್ಟು ಬೆಳ್ಳಗಾಗಂಗಿಲ್ಲ ಬಿಡ್ರಿ."

"ಏಳು," ಎಂದ ಪ್ರಹ್ಲಾದ. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದ.

ಬಜ್ಜಿಯ ಸೀರಮ್ ಮೋರಿಗೆ ಹೋಯಿತು. ಏಕಾದಶಿಯ ತಿಳಿ ಐಸು ತುಂಬಿದ ಥರ್ಮಾಸಿನಲ್ಲಿ ಕೂತು ಹೈದರಾಬಾದಿಗೆ ಹೊರಟಿತು. ಹೊರಡುವ ಮುನ್ನ ದ್ವಾದಶಿಯ ಊಟಕ್ಕೂ ಅತ್ತೆ ಅವನಿಗೆ ಎಲೆ ಹಾಕಲಿಲ್ಲ. ಸೋಮವಾರ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಗುರುಗಳು ಬಹಳ ಹೊತ್ತು ತಲೆ ಎತ್ತಲೇ ಇಲ್ಲ. ಸುಕ್ಕುಗಟ್ಟಿ ಸಾಯಲು ಕೂತಿದ್ದ ಕೋಶಗಳು ಕೈಕಾಲು ಚಾಚಿ ಹಬ್ಬತೊಡಗಿದ್ದವು. "ಇನ್ನು ಮೇಲೆ ಕೋಶಗಳಿಗೆ ಇದೇ ಊಟ. ಉಪವಾಸ ಇದ್ದವರ ಸೀರಮ್ಮೇ ಬೇಕು. ತಿಂಗಳಿಗೆ ಎರಡು ಸಲ ಸಿಗುತ್ತದೇನು?" ಎಂದರು. ಪಂಚಾಂಗ ಇರುವತನಕ ಸಿಗುತ್ತದೆ ಎನ್ನಬೇಕೆಂದಿದ್ದ ಪ್ರಹ್ಲಾದ, ಧೈರ್ಯ ಸಾಲಲಿಲ್ಲ.

ಮುಂದಿನ ದಶಮಿಯ ಬೆಳಿಗ್ಗೆ ಕೋಶಗಳ ಫೋಟೋ ಹಿಡಿದು ಮತ್ತೆ ಆದೋನಿಗೆ ಬಂದ. ಅಂಬೂಬಾಯಿ ಅದನ್ನು ಕಿಟಕಿಯ ಬಳಿ ಹಿಡಿದು ನೋಡಿದಳು. ಅಂಗಳಕ್ಕೆ ಕಲ್ಲು ಹಾಸಿದಂತೆ ಕೋಶಗಳು ಒತ್ತೊತ್ತಾಗಿ ಕೂತಿದ್ದವು.

"ಇಷ್ಟೂ ನಂದ ಉಂಡು ಬೆಳದಾವೇನು?"

"ಹೌದು ಅತ್ತಿ, ನಿಂದ."

"ಯಾರ ಕೂಸಿಂದೋ ಇದು?"

ಇಷ್ಟು ದಿನ ಅವನು ಹೆದರಿದ್ದು ಇದೇ ಪ್ರಶ್ನೆಗೆ. ನಾಳೆ ಆಕೆ ಕೈ ಹಿಂದೆಗೆದರೆ ಕೋಶಗಳೂ ಇಲ್ಲ, ಅವನ ಜಾಗವೂ ಇಲ್ಲ. ಯಾರೋ ಆಚಾರ್ಯರ ಮನೆಯದು ಎಂದುಬಿಡಲೇ? ಆದರೆ ಈ ಮನೆಯಲ್ಲಿ ಸುಳ್ಳು ಒಂದಲ್ಲ ಒಂದು ನಳಿಗೆಯಲ್ಲಿ ಮೇಲೆ ತೇಲಿ ಬರುತ್ತದೆಂದು ಅವನು ಕಲಿತಾಗಿತ್ತು.

"ನಮ್ಮ ಆಸ್ಪರಿ ಕಡೆಯಾಕಿ, ದಸ್ತಗಿರಮ್ಮ ಅಂತ. ಹೊಲದ ಕೂಲಿ ಬಿಟ್ಟು ಹೈದರಾಬಾದಿನಾಗ ಕಲ್ಲು ಹೊರ್ತಾಳ. ಆಕಿ ಕೂಸಿಂದು."

ಅಂಬೂಬಾಯಿ ಫೋಟೋವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದಳು. ಪ್ರಹ್ಲಾದ ಬಾಗಿಲ ಕಡೆಗೆ ಒಂದು ಹೆಜ್ಜೆ ಸರಿದ.

"ತಾಯಿ ಕೂಸು ಆರಾಮದಾರೇನು?" ಎಂದಳು.

"ಆರಾಮದಾರ."

"ಮತ್ಯಾಕ ಹಂಗ ಅಂಜ್ಲಿಕತ್ತಿ? ಹಡದಾಕಿ ಆಕಿ, ಉಣಿಸಿದಾಕಿ ನಾನು. ನಡುವ ನೀ ಯಾರೋ ಅಂಜಾವ?" ಎನ್ನುತ್ತಾ ಅಂಬೂಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಫೋಟೋ ವಾಪಸು ಬರಲಿಲ್ಲ, ಆಕೆಯ ಟ್ರಂಕಿಗೆ ಹೋಯಿತು. ಪಂಕ್ತಿಯಲ್ಲಿ ಅವನಿಗೂ ಎಲೆ ಬಿತ್ತು. ಬಡಿಸುವಾಗ ತುಪ್ಪದ ಮಿಳ್ಳೆ ಅವನ ಎಲೆಯೊಂದನ್ನೇ ದಾಟಿ ಮುಂದೆ ಹೋಯಿತು.

"ಅತ್ತಿ, ತುಪ್ಪ?"

"ನಾಳಿ ನಿನ್ನ ರಕ್ತಾನೂ ಬೇಕಾಗ್ತದ," ಎಂದಳು ಅಂಬೂಬಾಯಿ. "ಸುಮ್ನ ಉಣ್ಣು."