ಒಂದು ಕ್ಯಾಸೆಟ್ಟು, ಎರಡು ದನಿ

ನಾಲ್ಕು ಟ್ರ್ಯಾಕಿನ ಹಳೆಯ ಕ್ಯಾಸೆಟ್ ರೆಕಾರ್ಡರ್ ಇಳಕಲ್ಲಿನಲ್ಲೇ ಸಿಗುತ್ತದೆ ಎಂದು ಗೊತ್ತಾದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಲಿಯಲು ಬಂದಿದ್ದ ಜಂಪರುಗಳನ್ನೆಲ್ಲ ಹಾಗೇ ಬಿಟ್ಟು ಬೇವೂರಿನಿಂದ ಬಸ್ಸು ಹತ್ತಿದೆ. ಜೊತೆಗೆ ಇಬ್ಬರು ಮುದುಕಿಯರು: ನಮ್ಮ ದಾದಿ, ಅಂದರೆ ಅಪ್ಪನ ತಾಯಿ ಅಮೀನಬಿ; ಇನ್ನೊಬ್ಬಳು ಪಕ್ಕದ ಮನೆಯ ಪದ್ಮವ್ವ ಆಯಿ. ಇಬ್ಬರ ನಡುವೆ ಮಾತಿಲ್ಲ.

ನಮ್ಮೂರ ಮದುವೆಗಳಲ್ಲಿ ಇವರದೇ ಜೋಡಿ ಹಾಡು. ದಾದಿ ಒಂದು ಸಾಲು ಹಾಡುತ್ತಾಳೆ; ಅದರ ಕೊನೆಯ ಅಕ್ಷರ ಇನ್ನೂ ಬಾಯಲ್ಲಿರುವಾಗಲೇ ಆಯಿ ಅದನ್ನು ಎತ್ತಿಕೊಳ್ಳಬೇಕು. ನಡುವೆ ಒಂದು ಉಸಿರಿನಷ್ಟೂ ಖಾಲಿ ಬಿಡುವಂತಿಲ್ಲ. ಹೋದ ವರ್ಷ ಶಿರೂರಿನ ಮದುವೆಯಲ್ಲಿ ಆಯಿ ತೀರ ಬೇಗ ಎತ್ತಿಕೊಂಡಳೆಂದು ದಾದಿ ಹಾಡನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದಳು. ಅಂದಿನಿಂದ ಒಬ್ಬರನ್ನು ಕಂಡರೆ ಇನ್ನೊಬ್ಬರು ಬಾಗಿಲು ಹಾಕಿಕೊಳ್ಳುತ್ತಾರೆ. ಇಂಥ ಹಟಮಾರಿಗಳಿಗೆ ಬುದ್ಧಿ ಹೇಳಿ ನನ್ನ ಬಾಯಿ ನೊಂದಿದ್ದೇ ಬಂತು.

ಈಗ ಆಯಿಯ ಮೊಮ್ಮಗಳು, ನನ್ನ ಗೆಳತಿ ರೋಹಿಣಿಯ ಮದುವೆ. "ಅವರಿಬ್ಬರ ಹಾಡಿಲ್ಲದ ನನಗ ಅರಿಷಿಣ ಹಚ್ಚಬ್ಯಾಡ್ರಿ" ಎಂದು ಕೂತಿದ್ದಾಳೆ. ಇಬ್ಬರನ್ನೂ ಒಂದೊಂದು ಟ್ರ್ಯಾಕಿನಲ್ಲಿ, ಅಂದರೆ ಟೇಪಿನ ಒಂದೊಂದು ಪಟ್ಟಿಯಲ್ಲಿ, ಬೇರೆಬೇರೆಯಾಗಿ ಹಾಡಿಸಿ, ಒಂದೇ ಟೇಪಿನಲ್ಲಿ ಕೂಡಿಸಿ, ಮದುವೆಯಲ್ಲಿ ಹಾಕುವುದು ನನ್ನ ಉಪಾಯ. ಮೊಬೈಲಿನಲ್ಲಿ ಮಾಡಿ ನೋಡಿದ್ದೆ. ಮೊಬೈಲು ಕಂಡರೆ ದಾದಿ ಹುಬ್ಬಳ್ಳಿಯ ಮಗಳ ಜೊತೆ ಮಾತಾಡುವ ಹಾಗೆ ಕೂಗುತ್ತಾಳೆ. ಕ್ಯಾಸೆಟ್ಟಿನ ಮುಂದೆ ಮಾತ್ರ ಆಕೆಯ ಗಂಟಲು ಹದಕ್ಕೆ ಬರುತ್ತದೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂಬ ಕರಾರಿನ ಮೇಲೆ ಇಬ್ಬರೂ ಒಪ್ಪಿದ್ದರು.

ಇಳಕಲ್ಲಿನ ಯುವರಾಜ ತನ್ನ ರೆಕಾರ್ಡಿಂಗ್ ಅಂಗಡಿಯನ್ನು ಕಾಯಂ ಮುಚ್ಚಿ ಸಾಮಾನು ಮಾರುತ್ತಿದ್ದ. ಟೇಬಲ್ಲಿನ ಮೇಲೆ ಎರಡು ಮಷಿನ್ನು ಇಟ್ಟಿದ್ದ. ಒಂದು ಮದುಮಗನ ಹಾಗೆ ಮಿಂಚುತ್ತಿತ್ತು. ಇನ್ನೊಂದರ ಮೂಲೆ ಒಡೆದು, ಗುಂಡಿಗಳ ಮೇಲಿನ ಅಕ್ಷರ ಅಳಿಸಿಹೋಗಿತ್ತು.

"ಇದನ್ನ ತಗೋರಿ, ನಾಲ್ಕೂ ಟ್ರ್ಯಾಕ್ ಛಲೋ ಅದಾವ" ಎಂದು ಮಿಂಚುವುದನ್ನು ಮುಂದೆ ತಳ್ಳಿದ. "ಆ ಇನ್ನೊಂದರಾಗ ಒಂದು ಟ್ರ್ಯಾಕ್ ಸತ್ತೈತಿ. ಮೂರ ನಡೀತಾವ."

ನನ್ನ ಮನಸ್ಸು ಆಗಲೇ ಮಿಂಚುವುದರ ಮೇಲೆ ಬಿದ್ದಿತ್ತು. ಒಂದೊಂದೇ ಟ್ರ್ಯಾಕಿನಲ್ಲಿ ಮಾತಾಡಿ ನೋಡಿದೆ, ನಾಲ್ಕೂ ಕೇಳಿದವು. ದಾದಿಯನ್ನು ಕೂರಿಸಿ ಮೊದಲ ಟ್ರ್ಯಾಕಿನಲ್ಲಿ ಹಾಡಿಸಿದೆ. ಆಮೇಲೆ ಆಕೆಯನ್ನು ಹೊರಗೆ ಕಳಿಸಿ, ಆಯಿಯನ್ನು ಒಳಗೆ ಕರೆದು, ಕಿವಿಗೆ ಹೆಡ್‌ಫೋನ್ ಹಾಕಿದೆ.

"ಆಯಿ, ಇದರಾಗ ದಾದಿ ಹಾಡ್ತಾಳ. ನೀವು ಸಾಲು ಎತ್ತಿಕೊಳ್ರಿ."

ಆಯಿ ಒಂದು ಸಾಲು ಕೇಳಿ ಹೆಡ್‌ಫೋನ್ ತೆಗೆದಳು. "ಇದು ಆಕಿ ಅಲ್ಲ."

"ಆಕೀನ ಆಯಿ. ಈಗಷ್ಟ ಹಾಡಿ ಹೋದಳಲ್ಲ."

"ನನಗ ಹೇಳಬ್ಯಾಡ. ಆಕಿ ದನಿ ಏರಿತಂದ್ರ ಸಾಲಿನ ಕೊನಿತನಾ ಏರೇ ಇರತೈತಿ. ಇದು ನಡುವ ಜೋಲಿ ಹೊಡೀತೈತಿ. ಅಮೀನಬಿ ಜ್ವರ ಬಂದು ಮಲಗಿದ್ರೂ ಹಿಂಗ ಹಾಡಾಂಗಿಲ್ಲ."

ಯುವರಾಜ ಮುಚ್ಚಳ ಬಿಚ್ಚಿ ನೋಡಿದ. ಒಳಗಿನ ರಬ್ಬರ್ ಬೆಲ್ಟು ಸಡಿಲಾಗಿ ಟೇಪು ಆಗಾಗ ನಿಧಾನವಾಗುತ್ತಿತ್ತು. "ಈ ಬೆಲ್ಟ್ ಈಗ ಎಲ್ಲೂ ಸಿಗಾಂಗಿಲ್ರಿ" ಎಂದು ಮುಖ ಸಣ್ಣ ಮಾಡಿದ. ಬಣ್ಣಕ್ಕೆ ಮರುಳಾದ ನನ್ನ ಮೇಲೆ ನನಗೇ ಸಿಟ್ಟು ಬಂತು.

ಗೊಣಗುತ್ತಿದ್ದ ದಾದಿಯನ್ನು ಕರೆದು ಮೂಲೆ ಒಡೆದದ್ದರಲ್ಲಿ ಮತ್ತೆ ಹಾಡಿಸಿದೆ. ಈ ಸಲ ಹೆಡ್‌ಫೋನ್ ಹಾಕಿಕೊಂಡ ಆಯಿ ಕಣ್ಣು ಮುಚ್ಚಿದಳು. "ಹ್ಞಾ, ಇದು ಆಕಿ" ಎಂದವಳೇ ಸಾಲು ಎತ್ತಿಕೊಂಡಳು.

ಎರಡೂ ಟ್ರ್ಯಾಕು ಕೂಡಿಸಿ ಸ್ಪೀಕರಿಗೆ ಹಾಕಿದೆ. ಒಂದು ವರ್ಷದಿಂದ ಕೇಳದಿದ್ದ ಜೋಡಿ ಹಾಡು ಅಂಗಡಿ ತುಂಬಿತು. ದಾದಿ ಬಾಗಿಲಲ್ಲಿ ಬಂದು ನಿಂತು ಕೊನೆಯತನಕ ಕೇಳಿದಳು. ಆಮೇಲೆ ಆಯಿಯ ಕಡೆಗೇ ತಿರುಗಿದಳು.

"ಮತ್ತ ಮೊದಲ ಎತ್ತಿಕೊಂಡಿ. ನನ್ನ ಉಸಿರು ಇನ್ನೂ ಇತ್ತು."

"ನಿನ್ನ ಉಸಿರು ಮುಗಿಯೂತನಾ ಕಾದ್ರ ನಾ ಮುದುಕಿ ಆಗ್ತೇನಿ."

"ಆಗೀಯಲ್ಲ."

ಆಯಿ ನಕ್ಕುಬಿಟ್ಟಳು. ದಾದಿ ನಗಲಿಲ್ಲ, ಬಂದು ಆಯಿ ಕೂತಿದ್ದ ಬೆಂಚಿನ ಮೇಲೇ ಕೂತಳು. "ರೋಹಿಣಿಗೆ ಅರಿಷಿಣ ಹಚ್ಚಾಗ ಈ ಡಬ್ಬಿ ಹಾಡೂದೇನು? ನಾವೇನು ಸತ್ತೇವೇನು?" ಎಂದು ಮೊದಲ ಸಾಲು ಶುರು ಮಾಡಿದಳು. ಆಯಿ ಎತ್ತಿಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ.

"ಅಂದ್ರ ಮಷಿನ್ ಬ್ಯಾಡೇನ್ರಿ?" ಯುವರಾಜ ಮೆಲ್ಲಗೆ ಕೇಳಿದ.

"ಬೇಕ್ರಿ. ಮೂಲಿ ಒಡದದ್ದನ್ನ ಕಟ್ಟಿಕೊಡ್ರಿ. ಎರಡು ಟ್ರ್ಯಾಕಿನಾಗ ಇವರು ಅದಾರ. ಮೂರನೇದ್ರಾಗ ನಾ ಹಾಡ್ತೇನಿ."

ಹಾಡು ನಿಂತಿತು. ಇವರಿಬ್ಬರ ಹಾಡಿನ ನಡುವೆ ಬಾಯಿ ಹಾಕುವ ಧೈರ್ಯ ನಾನು ಎಂದೂ ಮಾಡಿರಲಿಲ್ಲ. ದಾದಿ ನನ್ನ ಮುಖ ನೋಡಿದಳು.

"ನೀ ಎಲ್ಲಿ ಎತ್ತಿಕೋತಿ?"

"ಆಯಿ ಮುಗಸೂಕಿಂತ ಮೊದಲ."

"ಈಕಿನೂ ಜಗಳಾ ತಗೀತಾಳ ನೋಡ" ಎಂದು ಪದ್ಮವ್ವ ಆಯಿ ಅತ್ತ ಜರುಗಿದಳು. ದಾದಿ ಇತ್ತ ಜರುಗಿದಳು. ನಾನು ನಡುವೆ ಕೂತೆ.