ಸುಲಭದ ದಾರಿ, ಮಕ್ಕಳೂ ನಡೆಯಬಹುದು

೧

ಎಲ್ಲಿಂದ ಶುರು ಮಾಡಲಿ? ಮೊದಲ ಸಲ ಬಂಡೆಗಳಿಂದ ಶುರು ಮಾಡಿದೆ. ಗಾಳಿ ಕೆತ್ತಿದ ಕೆಂಪು ಗೋಡೆಗಳು, ಅವುಗಳ ನಡುವೆ ಆಕಾಶದ ಸೀಳು ಎಂದೆಲ್ಲ ಒಂದು ಪುಟ ಬರೆದು ನೋಡಿದರೆ ಅದರಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಟೂರಿಸ್ಟ್ ಬ್ರೋಶರ್ ಆಗಿತ್ತು. ಹರಿದು ಹಾಕಿದೆ. (ಹರಿದು ಹಾಕಿದೆ ಅನ್ನುವುದು ಬರೀ ಜಂಬ. ಡಿಲೀಟ್ ಒತ್ತಿದೆ, ಅಷ್ಟೆ.)

ಎರಡನೇ ಸಲ ಸಾವಿನಿಂದ ಶುರು ಮಾಡಿದೆ. ಅದೂ ಸರಿಹೋಗಲಿಲ್ಲ. ಸತ್ತವನನ್ನು ಹೊಸ್ತಿಲಲ್ಲೇ ಮಲಗಿಸಿಬಿಟ್ಟರೆ ನೀವು ದಾಟಿಕೊಂಡು ಒಳಗೆ ಬರುವುದು ಹೇಗೆ?

ಆದ್ದರಿಂದ ಕಾರು ನಿಲ್ಲಿಸುವ ಜಾಗದಿಂದ ಶುರು ಮಾಡುತ್ತೇನೆ. ಮರುಭೂಮಿಯ ಬೆಳಗ್ಗೆ, ಬಿಸಿಲಿನ್ನೂ ಹದವಾಗಿದೆ. ಮೂವರು ಇಳಿದರು. ಸ್ಟಿಯರಿಂಗ್ ಹಿಡಿದಿದ್ದವಳು ಸೊಸೆ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಪಕ್ಕದ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಾ ಬಂದವಳು ಅತ್ತೆ. ಜೀವಮಾನವೆಲ್ಲ ಸಿಟಿ ಬಸ್ ಓಡಿಸಿ ನಿವೃತ್ತಳಾದವಳು. ಹಿಂದಿನ ಸೀಟಿನಿಂದ ಜಿಗಿದವಳು ಗುಬ್ಬಿ, ಆರು ವರ್ಷದ ಮೊಮ್ಮಗಳು. ಈ ಮೂವರನ್ನೂ ಒಂದು ಮನೆಗೆ ಕಟ್ಟಿದ್ದ ಮನುಷ್ಯ, ಒಬ್ಬಳ ಗಂಡ, ಒಬ್ಬಳ ಮಗ, ಒಬ್ಬಳ ಅಪ್ಪ, ಎರಡು ವರ್ಷದ ಹಿಂದೆ ಬೆಳಗಿನ ಕಾಫಿ ಆರುವಷ್ಟರಲ್ಲಿ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ.

(ನೋಡಿ, ಹೇಳಿಯೇಬಿಟ್ಟೆ. ಇರಲಿ.)

ಕಣಿವೆಯ ಬಾಯಲ್ಲಿ ಬೋರ್ಡಿತ್ತು: ಸುಲಭದ ದಾರಿ, ಮಕ್ಕಳೂ ನಡೆಯಬಹುದು.

"ಸುಲಭ ಅಂದ್ರೆ ನಂಬಬೇಡ," ಅಂದಳು ಅತ್ತೆ. "ನೇರ ರಸ್ತೇಲೇ ಡ್ರೈವರ್ ನಿದ್ದೆ ಹೋಗೋದು."

೨

ಸೊಸೆಗೆ ಆ ದಿನ ಒಂದು ಮಾತು ಹೇಳಬೇಕಿತ್ತು. ಮನೆಯಲ್ಲಿ ಹೇಳಲು ಆಗಿರಲಿಲ್ಲ. ಅಡುಗೆಮನೆಯಲ್ಲಿ ಬಾಯಿ ತೆರೆದರೆ ಕುಕ್ಕರ್ ಕೂಗುತ್ತಿತ್ತು, ನಡುಮನೆಯಲ್ಲಿ ಬಾಯಿ ತೆರೆದರೆ ಗೋಡೆಯ ಮೇಲಿನ ಫೋಟೊ ನೋಡುತ್ತಿತ್ತು. ಗೋಡೆಯಿಲ್ಲದ ಜಾಗ ಹುಡುಕಿ ಹೊರಟವಳು ಎರಡು ಗೋಡೆಗಳ ನಡುವೆಯೇ ಬಂದು ನಿಂತಳು.

ದಾರಿ ನಿಜಕ್ಕೂ ಸಲೀಸಾಗಿತ್ತು. ಕಾಲಡಿ ಮೆತ್ತನೆಯ ಕೆಂಪು ಮರಳು, ಎಡಬಲಕ್ಕೆ ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ಬಂಡೆ. ಗುಬ್ಬಿ ಎರಡು ಕೈಯಲ್ಲೂ ಗೋಡೆ ಸವರುತ್ತಾ ಮುಂದೆ ಓಡಿದಳು.

೩

ಇಲ್ಲೊಂದು ಪ್ರವಾಹ ತರಿಸಬಹುದಿತ್ತು. ಇಂಥ ಒಣ ಕಣಿವೆಗೆ ಎಲ್ಲೋ ಸುರಿದ ಮಳೆಯ ನೀರು ಇದ್ದಕ್ಕಿದ್ದಂತೆ ನುಗ್ಗುವುದುಂಟು. ಒಂದು ಕರಡಿನಲ್ಲಿ ತರಿಸಿಯೂಬಿಟ್ಟೆ. ಅತ್ತೆ ಮೊಮ್ಮಗಳನ್ನು ಬಂಡೆಯ ಮೇಲೆ ಎತ್ತಿ ಕೂರಿಸಿ ತಾನು ಕೊಚ್ಚಿಹೋಗುತ್ತಾಳೆ. ಆ ಮಾತು ಹೇಳುವ ಸೊಸೆಯ ಕಷ್ಟ ತಾನಾಗಿ ಬಗೆಹರಿಯುತ್ತದೆ.

ಅತ್ತೆ ಒಪ್ಪಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ನನ್ನ ಕಡೆ ತಿರುಗಿದಳು.

"ಅಡ್ಡ ಬಂದವರನ್ನ ಸಾಯಿಸಿಬಿಡೋದಾ? ಅಷ್ಟು ವರ್ಷ ಬಸ್ ಓಡಿಸಿದೀನಿ, ಒಂದು ನಾಯಿಗೂ ತಾಗಿಸಿಲ್ಲ. ನಿನಗೊಂದು ಕಥೆ ಓಡಿಸೋಕೆ ಇನ್ನೊಂದು ಹೆಣ ಬೇಕಾ?"

ನಾಚಿಕೆಯಾಯಿತು. ನೀರು ಇಳಿಸಿದೆ.

೪

ಕಣಿವೆ ತುಸು ಅಗಲವಾಗುವಲ್ಲಿ ನೆರಳಿತ್ತು. ಅತ್ತೆ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತು ಶೂ ಬಿಚ್ಚಿ ಮರಳು ಕೊಡವತೊಡಗಿದಳು. ಗುಬ್ಬಿ ಅಷ್ಟು ದೂರದಲ್ಲಿ ಕಲ್ಲಿನ ಮೇಲೆ ಕಲ್ಲಿಡುತ್ತಿದ್ದಳು.

"ಅತ್ತೆ, ನಾನು ಮದುವೆ ಆಗ್ಬೇಕು ಅಂತಿದೀನಿ."

ಅತ್ತೆ ಕೊಡವಿ ಮುಗಿಸಿದ ಶೂವನ್ನೇ ಮತ್ತೆ ಕೊಡವಿದಳು.

"ಯಾರನ್ನ?"

"ನಮ್ಮ ಅಂಗಡಿ ಕಟ್ಟಡದ ಲಿಫ್ಟ್ ರಿಪೇರಿ ಮಾಡೋರನ್ನ. ಒಳ್ಳೆಯವರು."

"ಗುಬ್ಬಿಗೆ ಗೊತ್ತಾ?"

"ಇಲ್ಲ. ಮೊದಲು ನಿಮಗೆ ಹೇಳ್ಬೇಕು ಅನ್ನಿಸ್ತು."

"ನನಗ್ಯಾಕೆ? ಇನ್ಮೇಲೆ ನಾನು ನಿನಗೇನಾಗ್ಬೇಕು?"

"ಅತ್ತೆ."

"ಅತ್ತೆ ಅಂದ್ರೆ ಗಂಡನ ತಾಯಿ. ನಿನ್ನ ಹೊಸ ಗಂಡನ್ನ ಒಬ್ಬಳು ಹೆತ್ತಿರ್ತಾಳಲ್ಲ. ಅವಳು ಬಂದಾಗ ನಾನು ಎದ್ದು ಸೀಟು ಬಿಟ್ಟುಕೊಡ್ಬೇಕಾ?"

(ನಮ್ಮ ಭಾಷೆಯಲ್ಲಿ ಹೆಂಡತಿಯ ತಂಗಿಯ ಗಂಡನಿಗೂ ಒಂದು ಹೆಸರಿದೆ, ಷಡ್ಡಕ ಅಂತ. ಅಣ್ಣತಮ್ಮಂದಿರ ಹೆಂಡಿರು ಒಬ್ಬರಿಗೊಬ್ಬರು ಓರಗಿತ್ತಿಯರು. ಆದರೆ ಮಗ ಸತ್ತು, ಸೊಸೆ ಮರುಮದುವೆಯಾದರೆ ಉಳಿದ ಆ ತಾಯಿ ಸೊಸೆಗೆ ಏನಾಗುತ್ತಾಳೆ? ಹುಡುಕಿದೆ. ಸಿಗಲಿಲ್ಲ.)

"ನೀವೂ ನಮ್ಮ ಜೊತೇಲೇ ಇರ್ತೀರಿ," ಅಂದಳು ಸೊಸೆ ಅವಸರದಲ್ಲಿ. "ಅವರ ಹತ್ರ ಆಗಲೇ ಮಾತಾಡಿದೀನಿ. ಒಪ್ಪಿದಾರೆ."

ಅತ್ತೆ ತಲೆಯೆತ್ತಿದಳು. "ನನ್ನನ್ನ ಎಲ್ಲಿಡಬೇಕು ಅಂತ ನನ್ನನ್ನ ಕೇಳೋ ಮುಂಚೆ ಅವನನ್ನ ಕೇಳಿದೀಯ."

ಪ್ರೀತಿಯೆಂದು ಮಾಡಿದ ಕೆಲಸ ಅತ್ತೆಯ ಬಾಯಲ್ಲಿ ಸೊಸೆಗೆ ಬೇರೆಯದೇ ಆಗಿ ಕೇಳಿಸಿತು. ಸಾಮಾನು ಸಾಗಿಸುವವರು ಹಳೆಯ ಬೀರುವಿನ ಬಗ್ಗೆ ಮಾತಾಡಿದ ಹಾಗೆ. ಏನೋ ಹೇಳಹೋದಳು. ಅಷ್ಟರಲ್ಲಿ ಅತ್ತೆ ಶೂ ಮೆಟ್ಟಿಕೊಂಡು, ಲೇಸೂ ಕಟ್ಟದೆ, ಮುಂದಿನ ತಿರುವಿನಾಚೆ ಹೊರಟುಹೋಗಿದ್ದಳು.

೫

ಸೊಸೆ ಹಿಂದೆ ಓಡಲಿಲ್ಲ. (ಓಡು ಅಂದೆ. "ಓಡಿ ಹೋಗಿ ಏನಂತ ಕರೀಲಿ?" ಅಂದಳು.)

ಗುಬ್ಬಿ ಬಂದಳು. "ಅಜ್ಜಿ ಎಲ್ಲಿ?"

"ಮುಂದೆ ಹೋಗಿದಾರೆ."

"ಕೂಗಿದ್ರೆ ಬಂಡೆ ವಾಪಸ್ ಕೂಗುತ್ತಂತೆ, ಟೀಚರ್ ಹೇಳಿದ್ರು," ಅಂದು ಗುಬ್ಬಿ ಕತ್ತು ಚಾಚಿ ತನ್ನ ಹೆಸರನ್ನೇ ಕೂಗಿದಳು. ಏನೂ ಬರಲಿಲ್ಲ. ಈ ಕಣಿವೆಯ ಮರಳು ಸದ್ದನ್ನು ಕುಡಿದುಬಿಡುತ್ತಿತ್ತು. "ಅಮ್ಮಾ" ಅಂದಳು. ಇಲ್ಲ. ಆಮೇಲೆ ಯಾಕೆಂದು ಅವಳಿಗೂ ತಿಳಿಯದೆ, ಇದ್ದ ಉಸಿರನ್ನೆಲ್ಲ ಸೇರಿಸಿ, "ಅಪ್ಪಾ…" ಎಂದು ಕೂಗಿದಳು.

ಎರಡು ವರ್ಷದಿಂದ ಆ ಮನೆಯಲ್ಲಿ ಯಾರೂ ಆ ಪದವನ್ನು ಕೂಗಿರಲಿಲ್ಲ. ಮೆಲ್ಲಗೆ ಹೇಳಿದ್ದುಂಟು, ಕೂಗಿರಲಿಲ್ಲ.

ತಿರುವಿನಾಚೆಯಿಂದ ಬಂತು: "ಓ…"

ಅದು ಅತ್ತೆಯ ದನಿ. ಅಪ್ಪ ಸ್ನಾನದಲ್ಲಿದ್ದಾಗ ಗುಬ್ಬಿ ಕೂಗಿದರೆ ಅತ್ತೆಯೇ ಅವನ ಪರವಾಗಿ ಹೀಗೆ ಓಗೊಡುತ್ತಿದ್ದಳು, ಮಗು ಅಳಬಾರದೆಂದು.

ಇಬ್ಬರೂ ಓಡಿದರು. ಅತ್ತೆ ಕೆಂಪು ಬಂಡೆಗೆ ಅಂಗೈ ಊರಿ ನಿಂತಿದ್ದಳು. ಮುಂದೆ ದಾರಿ ಇರಲಿಲ್ಲ. ಎರಡು ಗೋಡೆಗಳೂ ಅಲ್ಲಿ ಕೂಡಿಕೊಂಡಿದ್ದವು.

"ನಾನು ಅಪ್ಪನ್ನ ಕರೆದೆ. ನೀನ್ಯಾಕಜ್ಜಿ ಓ ಅಂದೆ?"

"ಯಾರಾದ್ರೂ ಅನ್ಬೇಕಲ್ಲ ಮಗಾ."

ಸೊಸೆ ಅಲ್ಲೇ ಮರಳಿನ ಮೇಲೆ ಕೂತು, ಅತ್ತೆಯ ಶೂಗಳ ಲೇಸು ಕಟ್ಟಿದಳು. ಕಟ್ಟುತ್ತಾ, "ನಿಮ್ಮನ್ನ ಮೊದಲು ಕೇಳ್ಬೇಕಿತ್ತು. ತಪ್ಪಾಯ್ತು," ಅಂದಳು. ಅತ್ತೆ ಕಾಲನ್ನು ಎಳೆದುಕೊಳ್ಳಲಿಲ್ಲ.

೬

ಇನ್ನು ಮುಗಿಸಬೇಕು. ಒಂದು ಮುಕ್ತಾಯದಲ್ಲಿ ಅತ್ತೆ ಸೊಸೆಯನ್ನು ಅಪ್ಪಿಕೊಂಡು ಹರಸುತ್ತಾಳೆ. ಸೊಸೆ ಓದಿ, "ನಮ್ಮತ್ತೆ ಹಾಗೆಲ್ಲ ಅಪ್ಪಿಕೊಳ್ಳೋರಲ್ಲ," ಅಂದಳು. ಇನ್ನೊಂದರಲ್ಲಿ ಅತ್ತೆ ತಂಗಿಯ ಮನೆಗೆ ಹೊರಟುಹೋಗುತ್ತಾಳೆ. "ನನ್ನ ತಂಗಿ ಜೊತೆ ಎರಡು ದಿನ ಇದ್ದು ನೋಡು ನೀನು," ಅಂದಳು ಅತ್ತೆ. ಎರಡೂ ಹೋದವು. ಓದುವ ನಿಮಗೆ ಕೊನೆಯಲ್ಲಿ ಮದುವೆ ಬೇಕಿದ್ದರೆ ಮಾಡಿಸಿಕೊಳ್ಳಿ, ನಾನು ಅಡ್ಡ ಬರುವುದಿಲ್ಲ. ನನಗೆ ಗೊತ್ತಿರುವುದು ಇಷ್ಟೇ.

ಮೂವರೂ ಕಾರಿಗೆ ಬಂದರು. ಗುಬ್ಬಿ ಕೂತ ತಕ್ಷಣ ನಿದ್ದೆಹೋದಳು. ಸೊಸೆ ಕೀಲಿ ತಿರುಗಿಸುವಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಅವಳು ನೋಡಿ, ತೆಗೆಯದೆ ಮಡಿಲಲ್ಲಿಟ್ಟುಕೊಂಡಳು.

"ಅವನಾ?" ಅಂದಳು ಅತ್ತೆ, ಕಿಟಕಿಯಾಚೆ ನೋಡುತ್ತಾ.

"ಹೂಂ. ಮನೆ ಸೇರಿದ್ರಾ ಅಂತ ಕೇಳೋಕಿರ್ಬೇಕು."

ಫೋನ್ ಹೊಡೆದುಕೊಳ್ಳುತ್ತಲೇ ಇತ್ತು.

"ಸೇರಿಲ್ಲ ಅನ್ನು," ಅಂದಳು ಅತ್ತೆ. "ಹೊರಟಿದೀವಿ ಅನ್ನು, ಅಷ್ಟೇ."

ಸೊಸೆ ಫೋನೆತ್ತಿ ಹಾಗೆಯೇ ಹೇಳಿದಳು.